ಅಳತೆಯ ಜಾರು

"ತಾತ, ನಿಜ ಹೇಳಿ. ಜಾರಿಗೆ ನಲ್ಲಿ ನೀರು ಸುರೀತಿದ್ದೀರಾ?"

ಸಿಸ್ಟರ್ ಸೊಂಟಕ್ಕೆ ಕೈಕೊಟ್ಟು ಬಾತ್‌ರೂಮಿನ ಬಾಗಿಲಲ್ಲೇ ನಿಂತಿದ್ದಳು. ಮೀಟರ್ ತಾತನಿಗೆ ಮೈಯೆಲ್ಲ ಉರಿದುಹೋಯಿತು. ಮೂವತ್ತೆರಡು ವರ್ಷ ಮನೆಮನೆಯ ನೀರಿನ ಮೀಟರ್ ಓದಿದವನು ಅವನು. ಕಳ್ಳ ಪೈಪು ಎಳೆದುಕೊಂಡ ಎಷ್ಟೋ ಘಟಾನುಘಟಿಗಳನ್ನು ಹಿಡಿದುಹಾಕಿದ್ದ. ಅಂಥವನ ಮೇಲೇ ಈ ಆರೋಪ!

"ನಾನು ಬರೆದ ನಂಬರಿನ ಮೇಲೆ ಇವತ್ತಿನವರೆಗೆ ಯಾರೂ ಸೊಲ್ಲೆತ್ತಿಲ್ಲಮ್ಮ," ಎಂದು ನೋಟ್‌ಬುಕ್ ಮುಂದೆ ಹಿಡಿದ. ಗಂಟೆ, ನಿಮಿಷ, ಮಿಲಿಲೀಟರು, ಎಲ್ಲ ಮುತ್ತಿನಂಥ ಅಕ್ಷರದಲ್ಲಿತ್ತು. ಮಂಚದ ತುದಿಯಲ್ಲಿ ಕೂತಿದ್ದ ಹೆಂಡತಿ ಕಿಸಕ್ಕನೆ ನಕ್ಕಳು.

ವಿಷಯ ಮಾತ್ರ ನಗುವಂಥದ್ದಲ್ಲ. ಹೊಟ್ಟೆಯ ಗಡ್ಡೆಗೆ ಕೀಮೋ ಕೊಟ್ಟು ಎರಡು ದಿನವಾಗಿತ್ತು. ಔಷಧಿ ಕೆಲಸ ಮಾಡಿತ್ತು. ಸ್ವಲ್ಪ ಜಾಸ್ತಿಯೇ ಮಾಡಿತ್ತು. ಗಡ್ಡೆ ಸರಸರನೆ ಕರಗಿ, ಸತ್ತ ಕಣಗಳ ಕಸವೆಲ್ಲ ಒಮ್ಮೆಗೇ ರಕ್ತಕ್ಕೆ ನುಗ್ಗಿತ್ತು. "ರಕ್ತದ ಕ್ಯಾನ್ಸರಿನಲ್ಲಿ ಇದನ್ನ ಆಗಾಗ ನೋಡ್ತೀವಿ. ಇಂಥ ಗಡ್ಡೆಗಳಲ್ಲಿ ಅಪರೂಪ. ಆದ್ರೆ ಇದು ತುಂಬ ದೊಡ್ಡದಿತ್ತಲ್ಲ," ಎಂದಿದ್ದರು ಡಾಕ್ಟರಮ್ಮ. ಆ ಕಸ ಹೊರಗೆ ಹೋಗದಿದ್ದರೆ ಕಿಡ್ನಿ ಕೈಕೊಡುತ್ತದೆ. ಪೊಟ್ಯಾಸಿಯಂ ಮಿತಿಮೀರಿದರೆ ಹೃದಯವೇ ನಿಲ್ಲಬಹುದು. ಅದಕ್ಕೇ ಡ್ರಿಪ್, ಅದಕ್ಕೇ ಬಾಟಲಿಗಟ್ಟಲೆ ನೀರು, ಅದಕ್ಕೇ ಮೂತ್ರ ಹಿಡಿಯುವ ಈ ಅಳತೆಯ ಜಾರು. ಬಾತ್‌ರೂಮಿನಲ್ಲಿ ಒಂದು ಹನಿಯೂ ಲೆಕ್ಕ ತಪ್ಪಬಾರದೆಂದು ಆಜ್ಞೆಯಾಗಿತ್ತು.

ತಾತ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸಿದ. ಗಂಡ ಹೆಂಡತಿ ಪಂದ್ಯ ಕಟ್ಟಿದವರಂತೆ ಲೋಟಕ್ಕೆ ಲೋಟ ಕುಡಿದರು. "ನಂದು ಖಾಲಿ. ನಿಮ್ಮದಿನ್ನೂ ಅರ್ಧ ಹಾಗೇ ಇದೆ," ಎಂದು ಅವಳು ಕೆಣಕುವಳು. ಅವನು ಗಟಗಟನೆ ಇಳಿಸಿ, ಗಳಿಗೆಗೊಮ್ಮೆ ಒಂದಕ್ಕೆ ಓಡುವನು. ನಿನ್ನೆಯ ಒಟ್ಟು ನಾಲ್ಕು ಲೀಟರ್ ದಾಟಿತ್ತು.

ಜಾರಿನ ಪ್ರಕಾರ ಕಿಡ್ನಿ ಕುದುರೆಯ ಹಾಗೆ ಓಡುತ್ತಿತ್ತು. ರಕ್ತದ ರಿಪೋರ್ಟ್ ಪ್ರಕಾರ ಮುಗ್ಗರಿಸುತ್ತಿತ್ತು.

ಸಿಸ್ಟರ್ ನಲ್ಲಿಯ ಬಾಯಿಗೆ ಪ್ಲಾಸ್ಟರ್ ಸುತ್ತಿ ಹೋದಳು. ಮಧ್ಯಾಹ್ನ ಬಂದು ನೋಡಿದರೆ ಜಾರಿನಲ್ಲಿ ಮತ್ತೆ ಮುನ್ನೂರೈವತ್ತು! ಮೂಗಿನ ಹತ್ತಿರ ತಂದು ಪರೀಕ್ಷಿಸಿದಳು. ಅಪ್ಪಟ ಮಾಲು.

"ಜಾರು ಏನಾದ್ರೂ ಹೇಳ್ಕೊಳ್ಲಿ, ನಾನು ರಕ್ತದ ಮಾತು ಕೇಳ್ತೀನಿ," ಎಂದ ಡಾಕ್ಟರಮ್ಮ ಡ್ರಿಪ್ಪಿನ ವೇಗ ಹೆಚ್ಚಿಸಿ, ಹೊಸ ಇಂಜೆಕ್ಷನ್ ಬರೆದರು. ಸೂಜಿ ಕಂಡೊಡನೆ ತಾತ ಕಣ್ಣು ಮುಚ್ಚಿ ಹೆಂಡತಿಯ ಕೈ ಹಿಡಿದುಕೊಂಡ. ನಲವತ್ತು ವರ್ಷದ ಸಂಸಾರ ಇಲ್ಲಿಗೇ ಮುಗಿದುಬಿಟ್ಟರೆ? ಅವನಿಗೆ ನಿಜಕ್ಕೂ ಭಯವಾಗಿತ್ತು.

"ಏನೂ ಆಗಲ್ಲ, ಸುಮ್ನಿರಿ," ಎಂದಳು ಅವಳು.

ಮಾರನೆಯ ಬೆಳಗ್ಗೆ ರಿಪೋರ್ಟ್ ಬಂತು. ಏರಿದ್ದೆಲ್ಲ ಇಳಿಮುಖವಾಗಿತ್ತು. "ಗಂಡಾಂತರ ಕಳೀತು. ಕಿಡ್ನಿ ಬಚಾವ್, ಗಡ್ಡೆನೂ ಅರ್ಧಕ್ಕರ್ಧ ಇಳಿದಿದೆ," ಎಂದರು ಡಾಕ್ಟರಮ್ಮ. ತಾತ ಕಣ್ಣೊರೆಸಿಕೊಂಡ. ಅದೇ ಖುಷಿಯಲ್ಲಿ ಇನ್ನೊಂದು ಲೋಟ ನೀರು ಕುಡಿದ.

ಸಿಸ್ಟರಿಗೆ ಮಾತ್ರ ಸಮಾಧಾನವಿಲ್ಲ. ಜಾರು ಸುಳ್ಳು ಹೇಳಿದ್ದಾದರೂ ಹೇಗೆ? ನೋಟ್‌ಬುಕ್ ಎತ್ತಿಕೊಂಡು ಸಾಲುಸಾಲಾಗಿ ಬೆರಳಾಡಿಸಿದಳು. ಒಂದು ಕಡೆ ಬೆರಳು ನಿಂತಿತು.

"ಹತ್ತೂ ಐದಕ್ಕೆ ಮುನ್ನೂರು. ಹತ್ತೂ ಏಳಕ್ಕೆ ಎಂಬತ್ತು. ಎರಡೇ ನಿಮಿಷದಲ್ಲಿ ಎರಡು ಸಲ ಹೋಗೋಕಾಗುತ್ತಾ ತಾತ?"

"ಹತ್ತೂ ಐದರದ್ದು ನಂದಮ್ಮ, ಏಳರದ್ದು ಇವಳದ್ದು, ಕ್ಯಾನ್ಸರ್ ಇವಳೊಬ್ಬಳಿಗೇ ಆದ್ರೂ, ಒಂದು ಮನೆಗೆ ಒಂದೇ ಮೀಟರ್ ತಾನೇ?"