ಮಾವನ ಕಪ್ಪು ಬಳ್ಳಿ

ಕಲ್ಲುಗುಂಡಿಗೂ ಹಲ್ಲು ಕಟಕಟಿಸುವಂಥ ಮಾಗಿಯ ಚಳಿ ಆ ಊರಿನದು. ಅದಕ್ಕೆ ಹೆದರಿ ಸುಗುಣಳ ಮಾವ ತಮ್ಮ ಕಪ್ಪು ಎಲೆಯ ಅಲಂಕಾರದ ಬಳ್ಳಿಯ ಗೆಣಸುಗಳನ್ನು ಮತ್ತೆ ನೆಡಲೆಂದು ಅಗೆದು, ಒಣ ಮರಳು ತುಂಬಿದ ಮಡಕೆಯಲ್ಲಿ ಕೂಸಿನಂತೆ ಮಲಗಿಸಿದ್ದರು. ಮೂರು ಲೋಕದಲ್ಲೂ ಅಂಥ ಬಳ್ಳಿ ಇನ್ನೊಂದಿಲ್ಲವೆಂದು ಊರಿಗೆಲ್ಲ ಸಾರಿದ್ದರು.

ಹೊಸ ಸೊಸೆ ಸುಗುಣ, ಹಬ್ಬಕ್ಕೆಂದೇ ಇಟ್ಟಿದ್ದಾರೆ ಅಂದುಕೊಂಡು ಸಂಕ್ರಾಂತಿಗೆ ಅವನ್ನೆಲ್ಲ ಬೇಯಿಸಿಬಿಟ್ಟಳು. ತಪ್ಪು ತಿಳಿದಾಗ ಜೀವವೇ ಬಾಯಿಗೆ ಬಂತು. ಯಾರಿಗೂ ಹೇಳದೆ ಸಂತೆಯ ಗೆಣಸು ತಂದು ಮರಳಲ್ಲಿ ಹೂತಿಟ್ಟಳು. ಕಣ್ಣು ಮಂಜಾಗಿದ್ದ ಮಾವ ಯುಗಾದಿ ಕಳೆದ ಮೇಲೆ ಅವನ್ನೇ ಮುದ್ದಿನಿಂದ ನೆಟ್ಟರು.

ಬಳ್ಳಿ ಅಂಗಳವನ್ನೇ ನುಂಗುವಂತೆ ಹಬ್ಬಿತು, ಗಿಳಿಹಸಿರಾಗಿ.

ಒಂದು ಬೆಳಿಗ್ಗೆ ಮಾವ ಕೇಳಿದರು, "ಎಲೆ ಕಪ್ಪಾಯ್ತೇನವ್ವಾ?"

"ಕಾಗೆಗೇ ನಾಚ್ಕೆ ಆಗ್ಬೇಕು ಮಾವ, ಅಷ್ಟು ಕಪ್ಪು."

"ನನ್ನಾಣೆಗೂ?"

"ನಿಮ್ಮಾಣೆಗೂ."

ಮಾವನ ಮುಖ ಹುಣ್ಣಿಮೆಯಾಯಿತು. ಕೋಲೂರುತ್ತ ಬಾಗಿಲಿಗೆ ಹೋಗಿ ಕೂಗಿದರು:

"ಫಲಪುಷ್ಪ ಪ್ರದರ್ಶನದೋರೆಲ್ಲಾ ಒಳಗ್ ಬನ್ನಿ ಸಾರ್! ನನ್ ಸೊಸೆ ಸುಳ್ ಹೇಳೋಳಲ್ಲ."