ಬೀಳುವುದನ್ನು ನೋಡಲು

"ಗೆಲ್ಲೋನನ್ನ ನೋಡೋಕೆ ಯಾರೂ ದುಡ್ಡು ಕಟ್ಟಲ್ಲ ಕಣಯ್ಯಾ. ಯಾರನ್ನ ಕಂಡ್ರೆ ಮೈ ಉರಿಯುತ್ತೋ, ಅವನು ಒದೆ ತಿನ್ನೋದನ್ನ ನೋಡೋಕೆ ಕಟ್ತಾರೆ," ಎಂದಿದ್ದ ಪಂದ್ಯ ನಡೆಸುವವನು.

ಬಾಕ್ಸರ್ ಹಾಗೇ ಮಾಡಿದ. ಪತ್ರಿಕಾಗೋಷ್ಠಿಯಲ್ಲಿ ಎದುರಾಳಿಯ ಮುಖಕ್ಕೆ ಉಗಿದ, ಅವನ ಹೆತ್ತವಳನ್ನು ಬೈದ. ನಾಡಿಗೆ ನಾಡೇ ಹಲ್ಲು ಕಡಿಯಿತು. ಲಕ್ಷಾಂತರ ಜನ ದುಡ್ಡು ಕಟ್ಟಿ ಮೊಬೈಲ್ ಹಿಡಿದು ಕೂತರು. ಎಂಟನೇ ಸುತ್ತಿನಲ್ಲಿ ಬಾಕ್ಸರ್‌ನ ಮೂಗು ಮುರಿಯಿತು, ಎರಡು ಹಲ್ಲು ಉದುರಿದವು, ನೆತ್ತರು ಕಾರುತ್ತ ಅಂಗಾತ ಬಿದ್ದ.

ಮರುದಿನ ಮನೆಯಲ್ಲಿ ಹೆಂಡತಿ ಅವನ ಊದಿದ ಮುಖಕ್ಕೆ ಐಸ್ ಒತ್ತುತ್ತಿದ್ದಳು.

"ಎಲ್ಲಾ ನಾಟಕ ಕಣೇ. ಜನ ನಿಜ ಅಂತ ನಂಬಿ ಶಾಪ ಹಾಕಿದ್ರು. ನಾನೇನು ನಿಜಕ್ಕೂ ಅಂಥೋನಾ, ಹೇಳು?"

ಅವಳು ಐಸನ್ನು ಅವನ ಇನ್ನೊಂದು ಕೆನ್ನೆಗೆ ಸರಿಸಿದಳು.

"ನೀನಂತೂ ನೋಡಿರಲ್ಲ ಬಿಡು. ರಕ್ತ ಕಂಡ್ರೆ ಆಗಲ್ಲ ನಿಂಗೆ."

"ನೋಡ್ದೆ. ದುಡ್ಡು ಕಟ್ಟಿ ನೋಡ್ದೆ."

"ಅಷ್ಟೊಂದು ಪ್ರೀತಿನೇನೇ ನನ್ಮೇಲೆ?"

ಹೋದ ತಿಂಗಳು ಅವನು ಮುರಿದಿದ್ದ ಅವಳ ಬಲಗೈ ಇನ್ನೂ ಪ್ಲಾಸ್ಟರಿನಲ್ಲೇ ಇತ್ತು. ಎಡಗೈಯಲ್ಲಿದ್ದ ಐಸನ್ನು ಮುರಿದ ಮೂಗಿನ ಮೇಲೆ ಇನ್ನಷ್ಟು ಒತ್ತುತ್ತಾ ಅವಳು ಕೇಳಿದಳು: "ಮುಂದಿನ ಪಂದ್ಯ ಯಾವಾಗ ರೀ?"