ಹನ್ನೆರಡೂವರೆಯ ಮುಳ್ಳು

"ಮೋಡ ಸರಿದು ಸೋಲಾರ್ ಕರೆಂಟು ಜಾಸ್ತಿ ಆಗ್ತಿದೆ. ಬಾಗೂರು ಪಂಪ್‌ಸೆಟ್ ಲೈನಿಗೆ ಈಗಲೇ ಕೊಟ್ಬಿಡಮ್ಮ," ಎಂದು ಫೋನಿನಲ್ಲಿ ಸಾಹೇಬರು ಅವಸರಪಡಿಸಿದರು. ಸಬ್‌ಸ್ಟೇಷನ್ನಿನಲ್ಲಿ ಒಬ್ಬಳೇ ಇದ್ದ ಮೇಘಶ್ರೀ ಗಡಿಯಾರ ನೋಡಿದಳು, ಹನ್ನೆರಡೂವರೆ. ಆ ಲೈನಿಗೆ ಕರೆಂಟು ಬಿಡುತ್ತಿದ್ದುದು ರಾತ್ರಿ ಹತ್ತಕ್ಕೆ. ಆದರೂ ಸ್ವಿಚ್ ತಿರುಗಿಸಿದಳು.

ಹೋದ ತಿಂಗಳು ಹಾಸನದ ತರಬೇತಿಯಲ್ಲಿ ಬಾಗೂರಿನ ಪಂಪುಗಳೆಲ್ಲ ಕಂಪ್ಯೂಟರ್ ಪರದೆಯ ಮೇಲೆ ಒಂದು ನೀಲಿ ಪಟ್ಟಿಯಾಗಿದ್ದವು. ಅದನ್ನು ರಾತ್ರಿಯಿಂದ ಮಧ್ಯಾಹ್ನಕ್ಕೆ ಎಳೆದು ಕೂರಿಸಿದವಳು ಇವಳೇ. "ನಮ್ಮೂರಿನ ಪಂಪು ಯಾವ ಹೊತ್ತಿಗಾದ್ರೂ ಜರುಗಿಸ್ಬೋದು ಸಾ," ಎಂದು ಇದೇ ಸಾಹೇಬರಿಗೆ ಹೆಮ್ಮೆಯಿಂದ ಹೇಳಿದ್ದಳು.

ಈಗ ಮೀಟರಿನ ಮುಳ್ಳು ಒಂದೇ ನೆಗೆತಕ್ಕೆ ತುದಿ ಮುಟ್ಟಿತು. ಎಲ್ಲರ ತೋಟದಲ್ಲೂ ಆಟೋ ಸ್ಟಾರ್ಟರ್, ಕರೆಂಟು ಬಂದರೆ ಮೋಟರು ತಾನೇ ಓಡುತ್ತದೆ. ಹಗಲಲ್ಲಿ ಮೇನ್ ಸ್ವಿಚ್ ಇಳಿಸುವ ರೂಢಿ ಯಾರಿಗೂ ಇಲ್ಲ. ಬೆಳಿಗ್ಗೆ ರೊಟ್ಟಿ ಮುರಿಯುತ್ತ ಅಪ್ಪ ಲಕ್ಕಣ್ಣ ಹೇಳಿದ್ದು ಆಗ ನೆನಪಾಯಿತು: "ಮಧ್ಯಾನ ಮೋಟ್ರು ವೈರು ಬಿಚ್ಚಿ ಜಾಯಿಂಟ್ ಆಕ್ತೀನಿ ಕಣವ್ವ. ರಾತ್ರಿಗಂಟ ಕರೆಂಟು ಎಲ್ಲಿ ಬತ್ತದೆ?"

ತಟ್ಟನೆ ಸ್ವಿಚ್ ಹಿಂದಕ್ಕೆ ತಿರುಗಿಸಿದಳು. ಅಪ್ಪನಿಗೆ ಫೋನು ಮಾಡಿದಳು, ಅದು ಮತ್ತೆ ಮತ್ತೆ ರಿಂಗಾಗಿ ನಿಂತಿತು. ನಡುವೆ ಸಾಹೇಬರ ಕರೆ ಬಂತು.

"ಯಾಕಮ್ಮ ಆಫ್ ಮಾಡ್ದೆ? ನೀನು ಹೇಳಿದ ಹಾಗೇ ಎಲ್ಲಾ ಓಡ್ತಿತ್ತಲ್ಲ!"